ಹನ್ನೆರಡರ ತನಕ

ನಿಮ್ಮವ್ವ ಎಂಟಕ್ಕೇ ಹೋದ್ಲು ಯೂನಿಟ್ಟಿಗೆ,
ಹಿಂತಿರುಗಿ ನೋಡದಂಗೆ.
ನೋಡಿದ್ರೆ ನೀನು ಶುರು ಹಚ್ಕೊಳ್ತೀಯ, ಅವಳಿಗೆ ಗೊತ್ತು.
ಈಗ ನಾವಿಬ್ಬರೇ, ಸುಂಕಿ.
ನೀನು ಏಳು ತಿಂಗಳ ಕೂಸು,
ನಾನು ಎರಡು ತಿಂಗಳಿಂದ ಕೆಲಸ ಇಲ್ಲದ ಎರ್ರಿಸ್ವಾಮಿ.
ಜೀನ್ಸ್ ತೊಳೆಯೋ ಘಟಕಕ್ಕೆ ಬೀಗ ಬಿದ್ದೈತೆ,
ನೀರಿನ ತಕರಾರೋ, ಲೈಸೆನ್ಸಿನ ತಕರಾರೋ,
ಯಾವುದೋ ಒಂದು. ನಿನಗೆ ಹೇಳಿ ಏನು ಮಾಡ್ಲಿ.

ಹನ್ನೆರಡಕ್ಕೆ ಬರ್ತಾಳೆ ಮೊಲೆ ಕೊಡೋಕೆ,
ಊಟದ ಬಿಡುವಿನಾಗ, ಓಡ್ಕೋತ.
ಅಲ್ಲಿತನಕ ನಾಲ್ಕು ತಾಸು.
ಬಟ್ಟೆಯ ಥಾನು ಇದ್ದಂಗೆ ಮಗಳೇ,
ಬಿಚ್ಚಿದಷ್ಟೂ ಐತೆ.

ಮೊದಲು ಸ್ಟೀಲಿನ ಗಂಗಾಳ.
ಅದರಾಗೊಂದು ಕೂಸು, ನಿನಗಿಂತ ಅಗಲ ಮೋರೆ.
ನೀನು ಜೊಲ್ಲು ಸುರಿಸಿದ್ರೆ ಅದೂ ಸುರಿಸ್ತೈತೆ.
ಒಬ್ಬರನ್ನೊಬ್ಬರು ನೆಕ್ಕಿದಿರಿ.
ಒಂಬತ್ತು ನಿಮಿಷ.

ಆಮೇಲೆ ಜಿಪ್ಪು.
ರಿಜೆಕ್ಟ್ ಆದವು, ಹಲ್ಲು ಕೂಡದವು.
ಗಟ್ಟಿ ನೀಲಿ ಪಟ್ಟಿಗೆ ಆರು ಹೊಲಿದಾಳೆ ರಾತ್ರಿ ಕುಂತು,
ಮೂರು ಸುತ್ತು ದಾರ ಹಾಕಿ, ನೀನು ಕಿತ್ತು ನುಂಗದಂಗೆ.
ಗುಂಡಿ ಮಾತ್ರ ಒಂದೂ ಇಲ್ಲ.
ಕೌಲ್ ಬಜಾರಿನ ಯಾವುದೋ ಕೂಸಿನ ಕತೆ ಕೇಳಿದಾಗಿಂದ
ದಿನಾ ಎರಡು ಸಲ ಅಂಗೈಲಿ ನೆಲ ಸವರ್ತಾಳೆ.
ನಾನೂ ಈಗ ಸವರ್ತೀನಿ.
ಜಿರ್ರ್ ಅಂತ ಮೇಲೆ, ಜಿರ್ರ್ ಅಂತ ಕೆಳಗೆ.
ನೀನು ಉಸಿರು ಹಿಡೀತೀಯ,
ಜಿಪ್ಪು ನಿಂತಾಗ ಬಿಡ್ತೀಯ.
ನನಗೂ ಅದೇ ಅಭ್ಯಾಸ ಆಗೈತೆ.

ಮೊನ್ನೆ ಬೆಂಗಳೂರು ರಸ್ತೆಯಾಗ ಒಂದು ಬಾತು ನೋಡಿದೆ.
ಹೊಟ್ಟೆ ಒತ್ತಿದ್ರೆ ನಡೀತೈತೆ, ಕಣ್ಣಾಗ ಕೆಂಪು ಲೈಟು.
ಮುನ್ನೂರಾ ಇಪ್ಪತ್ತು.
ಕೈಯಾಗ ಹಿಡಿದು ತೂಕ ನೋಡಿದೆ, ತಗೊಳ್ಳೋನಂಗೆ.
ಒಂದು ಪ್ಯಾಂಟಿನ ದಾರ ಕತ್ತರಿಸಿದ್ರೆ ಎಂಬತ್ತು ಪೈಸೆ.
ಅಂದ್ರೆ ನಾನೂರು ಪ್ಯಾಂಟು.
ಎರಡು ಕಾಲಿನ ಬಾತು ನಡಿಯೋಕೆ
ಎಂಟುನೂರು ಕಾಲು ಬೇಕು.
‘ಬ್ಯಾಟರಿ ಬೇರೆ ತಗೋಬೇಕು’ ಅಂದ ಅಂಗಡಿಯವನು.
ಇಟ್ಟು ಬಂದೆ.
ಬೇಜಾರಿಲ್ಲ. ಒಂಚೂರು ಐತೆ.

ಪಕ್ಕದ ಖಾಸಿಂಬಿ ನೀರಿನ ಬಾಟ್ಲಿಗೆ ಹಿಡಿ ಜೋಳ ಹಾಕಿ
ಮುಚ್ಚಳ ಬಿಗಿದು ಕೊಟ್ಟಾಳೆ:
‘ಹಗಲೆಲ್ಲ ಕುಣಿಸು, ರಾತ್ರಿ ರೊಟ್ಟಿ ಮಾಡು.’

ಹತ್ತೂವರೆಗೆ ತಗಡಿನ ಮೊಳೆತೂತಿಂದ
ಊರೆಲ್ಲ ಬೈಯೋ ಬಳ್ಳಾರಿ ಬಿಸಿಲು
ಒಂದು ರೂಪಾಯಿಯಷ್ಟಾಗಿ ಬಂದು
ಚಾಪೆ ಮೇಲೆ ಕುಂತ್ಕೊಳ್ತೈತೆ.
ಡಾಂಬರು ಬಳಿಬೇಕಂತಿದ್ದೆ ಆ ತೂತಿಗೆ. ಬಿಟ್ಟೆ.
ನೀನು ಅದರ ಮೇಲೆ ಕೈ ಇಡ್ತೀಯ,
ಅದು ನಿನ್ನ ಕೈ ಮೇಲೆ ಬರ್ತೈತೆ.
ಸಿಕ್ಕಿತು ಅಂತ ಮುಷ್ಟಿ ಬಿಗೀತೀಯ,
ಬಿಚ್ಚಿ ನೋಡ್ತೀಯ: ಖಾಲಿ.
ಇನ್ನೇನು ಅಳ್ತೀಯ ಅಂತ ಎದ್ದೆ.
ನಕ್ಕುಬಿಟ್ಟೆ ನೀನು.
ಖಾಲಿ ಮುಷ್ಟಿ ನೋಡಿ ನಗೋದು
ನಮ್ಮ ಮನೆತನದಾಗ ಯಾರಿಗೂ ಬಂದಿರಲಿಲ್ಲ.

ಹನ್ನೊಂದೂವರೆ. ಎಲ್ಲ ಮುಗೀತು.
ಬಿಸಿಲು ಚಾಪೆ ದಾಟಿ ಒಲೆ ಕಡೆ ಹೋಯ್ತು,
ಗಂಗಾಳದ ಕೂಸಿಗೂ ನಿನ್ನ ಮೇಲೆ ಸಿಟ್ಟು.
ಉಳಿದಿದ್ದು ನನ್ನ ಕೈ.
ಹನ್ನೊಂದು ವರ್ಷದ ಬಣ್ಣ, ಉಗುರಿನ ಬುಡಕ್ಕೆಲ್ಲ ನೀಲಿ.
ನಿನ್ನ ತೊಟ್ಟಿಲ ಕಾರ್ಯದ ದಿನ ಯಾರೋ ಅಂದಿದ್ರು,
‘ಆ ಕೈಲಿ ಎತ್ತಬ್ಯಾಡೋ, ಕೂಸಿಗೆ ಹತ್ತೀತು.’
ಟವೆಲ್ಲು ಸುತ್ಕೊಂಡು ಎತ್ತಿದ್ದೆ.
ನಿನಗೆ ಹತ್ತು ಬೆರಳಿನಾಗ ಹೆಬ್ಬೆರಳೇ ಬೇಕು,
ಎಲ್ಲಕ್ಕಿಂತ ಕಡು ನೀಲಿ ಅದು.
ಹಿಡಿದು, ತಿರುವಿ, ಕಣ್ಣು ಕಿರಿದು ಮಾಡಿ ನೋಡಿ
ಬಾಯಿಗಿಟ್ಟೆ.

ಅಯ್ಯೋ.
ಏನೋ ಚುಚ್ಚಿತಲ್ಲ.
ಕೆಳವಸಡಿನಾಗ, ಅಕ್ಕಿ ನುಚ್ಚಿನಷ್ಟು.
ಬೆರಳು ತೆಗೆದು ಮತ್ತೆ ಇಟ್ಟು ನೋಡಿದೆ. ಹೌದು.

ಓಣಿ ತುದಿಗೆ ನಿಮ್ಮವ್ವನ ಚಪ್ಪಲಿ ಸಪ್ಪಳ.
ಹೇಳೋದಾ ಅವಳಿಗೆ?
ಬ್ಯಾಡ ಸುಂಕಿ, ಸುಮ್ಮನಿರು.
ಇನ್ನೆರಡು ನಿಮಿಷಕ್ಕೆ
ಅವಳಿಗೇ ಗೊತ್ತಾಗ್ತೈತೆ.